ಎಂಟು ಎಳೆ

ಹನ್ನೊಂದು ಹತ್ತಕ್ಕೆ ಹೋಯಿತು. ಹನ್ನೊಂದು ಹದಿನಾಲ್ಕಕ್ಕೆ ಬಂತು.
ಹನ್ನೆರಡು ಇಪ್ಪತ್ತು, ಮತ್ತೆ ಹೋಯಿತು.
ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ
ಒಂಬತ್ತು ದಿನದಿಂದ ಬರೆದಿಡುತ್ತಿದ್ದೇನೆ,
ಕೂಸಿನ ಜ್ವರ ಬರೆದಿಡುವ ಹಾಗೆ.

ಶಿಡ್ಲಘಟ್ಟದ ಹದಿನಾಲ್ಕು ರೀಲರುಗಳ ಲೆಕ್ಕ ನನ್ನ ಕೈಯಲ್ಲಿ.
ಯಾರು ಎಷ್ಟು ಗೂಡು ಕೊಂಡರು, ಎಷ್ಟು ನೂಲು ಮಾರಿದರು,
ತೆರಿಗೆ, ಬಾಕಿ, ಬಾಕಿಯ ಮೇಲಿನ ಬಾಕಿ
ಇಪ್ಪತ್ತನೇ ತಾರೀಕಿನೊಳಗೆ ಎಲ್ಲ ಮೇಲೇರಬೇಕು.
ಒತ್ತಿದ್ದೇ ತಡ,
ಪರದೆಯ ಮೇಲೆ ಒಂದು ಚಕ್ರ
ಎಳ್ಳಿಲ್ಲದ ಗಾಣದಂತೆ ಸುತ್ತುತ್ತದೆ.

ಕಂಪನಿಗೆ ಫೋನು ಮಾಡಿದೆ.
‘ರೂಟರ್ ಆಫ್ ಮಾಡಿ ಮೂವತ್ತು ಎಣಿಸಿ ಮೇಡಂ’ ಅಂದಳು ಹುಡುಗಿ.
ಎಣಿಸಿದೆ.
ನನ್ನ ಎಣಿಕೆಯಲ್ಲಿ ದೋಷವಿರಲಿಲ್ಲ.

ಕದಿರಪ್ಪ ಬಂದ, ಏಣಿ ಇಟ್ಟ, ತಾರಸಿ ಹತ್ತಿದ.
‘ಅಳಿಲು ಅಕ್ಕಾ, ಅಳಿಲು ಕಡೀತವೆ’ ಅಂದ.
ಹೊರಗಿನ ತಂತಿ ಬದಲಿಸಿ, ಕಾಫಿ ಕುಡಿದು,
‘ಗೋಡೆ ಪೆಟ್ಟಿಗೆ ಗಂಟ ಬತ್ತಾ ಐತೆ, ನೋಡ್ಕಳಿ.
ಅಲ್ಲಿಂದಾಚೆ ನಿಮ್ದು.’
ಹೀಗೆ ಗಡಿ ಕಲ್ಲು ನೆಟ್ಟು ಹೋದ.
ಪೆಟ್ಟಿಗೆಯಿಂದ ಮೇಜಿಗೆ ಹನ್ನೊಂದು ಮೊಳ
ನನ್ನದು.

ಗೋಡೆಗೆ ತಂತಿಯಿಲ್ಲದೆ ಫೋನು ಚೆನ್ನಾಗಿಯೇ ಓಡುತ್ತಿತ್ತು,
ಅಲ್ಲಿಗೆ ಕಂಪನಿಯನ್ನು ಬಿಟ್ಟೆ.
ನಾಲ್ಕು ತೂತಿಗೂ ಒಂದೊಂದು ಸಲ ಚುಚ್ಚಿ ನೋಡಿ
ರೂಟರನ್ನು ಬಿಟ್ಟೆ.
ಮಿಕ್ಸಿಯನ್ನು, ನೀರಿನ ಮೋಟರನ್ನು, ಪಾಪ, ಶನಿವಾರವನ್ನು ಬಿಟ್ಟೆ.
ಕಪ್ಪು ಕಿಟಕಿ ತೆರೆದು ಕೂಗಿದೆ:
ಇದ್ದೀಯಾ? ಇದ್ದೀನಿ.
ಇದ್ದೀಯಾ? ಇದ್ದೀನಿ.
ಇದ್ದೀಯಾ? ಇದ್ದೀನಿ.
ಅಬ್ಬ ಅಂದುಕೊಂಡೆ. ಇದ್ದೀಯಾ?

ಅಷ್ಟರಲ್ಲಿ ಖೈರುನ್ನೀಸಾ ಬಂದರು,
ಸೆರಗಿನ ಗಂಟಲ್ಲಿ ಗೂಡಿನ ಚೀಟಿಗಳು.
ಕುದಿನೀರಿನಲ್ಲಿ ನಲವತ್ತು ವರ್ಷ ಬೆಂದ ಬೆರಳು ಅವರವು.
ರೇಷನ್ ಅಂಗಡಿಯ ಯಂತ್ರ ಆ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ,
ತಿಂಗಳು ತಿಂಗಳೂ ಮೊಮ್ಮಗನೇ ಒತ್ತಬೇಕು.

‘ಏನಮ್ಮಾ ಮುಖ ಹಿಂಗೆ?’
ಹೇಳಿದೆ.
‘ಇದರೊಳಗೆ ಎಷ್ಟೆಳೆ?’
‘ಎಂಟು.’
‘ಓ, ನಮ್ಮಂಗೇ’ ಅಂದರು.

ನೆಲದ ಮೇಲೆ ಕೂತರು. ನೀಲಿ ತಂತಿಯನ್ನು
ಹೆಬ್ಬೆರಳು ತೋರುಬೆರಳ ನಡುವೆ ಹಾಯಿಸಿದರು.
ನೋಟ ತಂತಿಯ ಮೇಲಿಲ್ಲ, ಮಾತೆಲ್ಲ ಗೂಡಿನ ರೇಟಿನದು,
ನಿನ್ನೆ ಏರಿ ಇವತ್ತು ಇಳಿದದ್ದು,
ಚಾಂದ್ ಪಾಷಾನ ಬಾಯ್ಲರ್ ಒಡೆದದ್ದು.
ಎಂಟು ಗೂಡಿನೆಳೆ ಕೂಡಿ ಒಂದು ನೂಲಾಗುವಾಗ
ಒಂದು ತೀರಿಹೋದರೆ
ಕಣ್ಣಿಗೆ ಮೊದಲೇ ಅವರ ಬೆರಳಿಗೆ ಗೊತ್ತು.
ಏಳನೇ ಮೊಳದಲ್ಲಿ ಮಾತು ನಿಂತಿತು.
‘ಇಲ್ಲಿ ಸತ್ತದೆ.’

ನನಗೆ ಏನೂ ಕಾಣಲಿಲ್ಲ.
ಬಾಗಿ ನೋಡಿದೆ: ಒಂದು ಸಣ್ಣ ಚಪ್ಪಟೆ,
ಅದರ ಮೇಲೆ ಸರಿಯಾಗಿ, ನನ್ನ ಕುರ್ಚಿಯ ಹಿಂಗಾಲು.

ಪುಸ್ತಕ ತಿರುವಿದೆ.
ಹನ್ನೊಂದು ಹತ್ತು: ಪಾಷಾನ ಲೆಕ್ಕ ಮುಗಿಸಿದ್ದು.
ಹನ್ನೆರಡು ಇಪ್ಪತ್ತು: ಅನ್ನಕ್ಕಿಟ್ಟು ಬಂದು ಕೂತದ್ದು.
ಉಸ್ಸೆಂದು ಹಿಂದಕ್ಕೆ ಒರಗಿದಾಗಲೆಲ್ಲ
ನಾನೇ, ನನ್ನ ಭಾರವೇ,
ಒಂದು ಗುಟುಕು ಸುಖಕ್ಕೆ
ಜಗತ್ತಿನ ಕತ್ತು ಅಮುಕುತ್ತಿದ್ದೆ.
ಅಳಿಲಿನ ಮೇಲೆ ಹೇಳಿದ ಮಾತು
ಈಗ ಯಾರ ಬಳಿ ವಾಪಸ್ಸು ತಗೊಳ್ಳಲಿ?

ದಿಬ್ಬೂರಹಳ್ಳಿ ರಸ್ತೆಯ ಅಂಗಡಿಯಿಂದ ಹೊಸ ತಂತಿ ತಂದೆ.
ಈ ಸಲ ಗೋಡೆಗುಂಟ ಮೊಳೆ ಹೊಡೆದೆ.
‘ಹಳೇದು ಬಿಸಾಕ್ಬೇಡಮ್ಮ, ನೂಲು ಒಣಹಾಕಕ್ಕೆ ಆಯ್ತದೆ’
ಅಂತ ಸುತ್ತಿ ಒಯ್ದರು ಖೈರುನ್ನೀಸಾ.
ತಾರಸಿಯಿಂದ ಕಾಣುತ್ತದೆ, ಅವರ ಅಂಗಳದಲ್ಲಿ ನೀಲಿ ಗೆರೆ,
ಅದರ ಮೇಲೆ ಒದ್ದೆ ಹಳದಿ ಲಡಿಗಳು.

ಪುಸ್ತಕದ ಹಿಂಬದಿಯಲ್ಲಿ ಮುಂದೆ ಬರೀ ಹಾಲು.
ಆದರೂ ಒರಗುವ ಮುನ್ನ
ಒಂದು ಸಲ ಹಸಿರು ದೀಪದ ಕಡೆ ನೋಡುತ್ತೇನೆ,
ಒರಗಲೇ? ಅನ್ನುವ ಹಾಗೆ.