ಎಂಬತ್ತು ರೂಪಾಯಿ ಹೆಚ್ಚು

ಬಿಸ್ಕೀಟು ಡಬ್ಬಿಯನ್ನು ಊಟದ ಮೇಜಿನ ಮೇಲೆ ಕವುಚಿದೆ.
ಹತ್ತರ ನೋಟುಗಳು ಒಂದಕ್ಕೊಂದು ಅಂಟಿಕೊಂಡಿವೆ,
ಕೆಲವಕ್ಕೆ ಬಂಗಡೆಯ ವಾಸನೆ, ಒಂದಕ್ಕೆ ಅಬ್ಬಲಿಗೆಯದು.
ಕೋಡಿಬಾಗದಲ್ಲಿ ಗೇಟಿನ ಕೀಲನ್ನೇ ಬಿಡದ ಉಪ್ಪುಗಾಳಿ
ನಾಣ್ಯವನ್ನು ಬಿಟ್ಟೀತೆ?
ಎಣಿಸಿದೆ. ಬೆರಳಿಗೆ ನೀರು ಹಚ್ಚಿ ಮತ್ತೆ ಎಣಿಸಿದೆ.

ಲೆಕ್ಕ ಇಷ್ಟೇ:
ಹೌಸಿಯ ಟಿಕೆಟ್ಟು ಅರವತ್ತನಾಲ್ಕು,
ಹತ್ತರಂತೆ ಆರುನೂರಾ ನಲವತ್ತು.
ಮೊದಲ ಐದಕ್ಕೆ ಐವತ್ತು,
ಮೂರು ಸಾಲಿಗೆ ಎಂಬತ್ತೆಂಬತ್ತು,
ಫುಲ್ ಹೌಸಿಗೆ ನೂರೈವತ್ತು.
ಉಳಿಯಬೇಕಾದ್ದು ಇನ್ನೂರು, ಲಿಫ್ಟಿನ ನಿಧಿಗೆ.
ಡಬ್ಬಿಯಲ್ಲಿರುವುದು ಇನ್ನೂರಾ ಎಂಬತ್ತು.

ಕಡಿಮೆ ಬಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತು.
ಮೂವತ್ತೆರಡು ವರ್ಷ ಬ್ಯಾಂಕಿನ ಗಾಜಿನ ಹಿಂದೆ ಕೂತವನು;
ಒಂದು ರೂಪಾಯಿ ತಾಳೆಯಾಗದೆ ಇಡೀ ಶಾಖೆ
ರಾತ್ರಿ ಒಂಬತ್ತರ ತನಕ ಚಹಾ ಕುಡಿದದ್ದುಂಟು.
ಹೆಚ್ಚು ಬಿದ್ದ ದುಡ್ಡಿಗೆ ಅಲ್ಲೊಂದು ಖಾತೆಯೂ ಇತ್ತು,
ಸಸ್ಪೆನ್ಸ್ ಖಾತೆ:
ಪತ್ತೇದಾರಿ ಕಾದಂಬರಿಯಂಥ ಹೆಸರು,
ಒಳಗೆ ಬರೀ ಮರೆವು.
ನಮ್ಮ ಸಂಘದ ನೂರು ಹಾಳೆಯ ನೋಟುಬುಕ್ಕಿನಲ್ಲಿ
ಎರಡೇ ಕಾಲಮ್ಮು. ಬಂತು. ಹೋಯಿತು.

ಆ ಸಂಜೆಯನ್ನು ಹಿಂದಕ್ಕೆ ಸುತ್ತಿ ನೋಡಿದೆ.
ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ,
ಎಸ್ಪರಾನ್ಸ ಬಾಯಿ ಚೀಲದೊಳಗೆ ಕೈಯಾಡಿಸಿ ಕೂಗುತ್ತಾಳೆ:
"ಮೂವತ್ತು, ನಮ್ಮ ಗಾಡಿ!"
"ಮೂವತ್ತೊಂದು, ಶಿರಸಿಯವರ ಗಾಡಿ!"
"ಅರವತ್ತಾರು, ಹೆದ್ದಾರಿ!"
"ಹೆದ್ದಾರಿ ಹದಿನೇಳು" ಎಂದು ತಾಂಡೇಲ ಗದರುತ್ತಾನೆ,
ಸರಕಾರ ಬದಲಿಸಿದ ನಂಬರನ್ನು ಅವನಿನ್ನೂ ಒಪ್ಪಿಲ್ಲ;
ಆ ಜಗಳದಲ್ಲಿ ಯಾರೋ ಹದಿನೇಳನ್ನೇ ಹೊಡೆದುಹಾಕುತ್ತಾರೆ.
ಡಬ್ಬಿ ನನ್ನ ತೊಡೆಯ ಮೇಲೆಯೇ ಇತ್ತು.
ಒಮ್ಮೆ ಮಾತ್ರ, ಕರೆಂಟು ಹೋದಾಗ, ಕುರ್ಚಿಯ ಮೇಲಿಟ್ಟು
ಮೇಣದಬತ್ತಿಗೆಂದು ಎದ್ದಿದ್ದೆ.

ಕತ್ತಲಲ್ಲಿ ಡಬ್ಬಿಯಿಂದ ತೆಗೆಯುವವರ ಬಗ್ಗೆ ಕೇಳಿದ್ದೇನೆ.
ಹಾಕುವವರ ಬಗ್ಗೆ ಕೇಳಿರಲಿಲ್ಲ.

ಆಮೇಲೆ ನೆನಪಾಯಿತು; ಅಲ್ಲ, ಮರೆತಿರಲೇ ಇಲ್ಲ:
ಹೋದ ತಿಂಗಳು ಎಂಬತ್ತು ಕಡಿಮೆ ಬಿದ್ದಿತ್ತು.
ಎಂಟು ಟಿಕೆಟ್ಟು ಯಾರೋ ಕಡ ಒಯ್ದಿರಬೇಕು,
ನಾನು ಬರೆದುಕೊಂಡಿರಲಿಲ್ಲ.
"ಖಜಾಂಚಿಗೆ ವಯಸ್ಸಾಯ್ತು" ಅನ್ನಿಸಿಕೊಳ್ಳುವುದಕ್ಕಿಂತ
ಎಂಬತ್ತು ಅಗ್ಗ.
ಗೂಟದ ಅಂಗಿಯ ಕಿಸೆಯಿಂದ ತೆಗೆದು ಹಾಕಿ,
"ಸರಿ ಇದೆ" ಎಂದು ಬರೆದು, ಸಹಿ ಮಾಡಿ,
ಚೆನ್ನಾಗಿ ನಿದ್ದೆ ಮಾಡಿದ್ದೆ.

ಈಗ ಆ ಯಾರೋ ಬಂದಿದ್ದಾರೆ,
ಬಾಕಿ ತೀರಿಸಲು, ಸದ್ದಿಲ್ಲದೆ.
ಬಂದು ನೋಡಿದರೆ ಬಾಕಿಯೇ ಇಲ್ಲ.
ಅವರ ನಿಜ ಕೂರಬೇಕಾದ ಕುರ್ಚಿಯಲ್ಲಿ
ನನ್ನ ಸುಳ್ಳು ಕಾಲ ಮೇಲೆ ಕಾಲು ಹಾಕಿ ಕೂತಿದೆ.

"ನಿಮ್ಮದೇ ಅಲ್ವಾ, ತಗೊಳ್ಳಿ"
ಎಂದಳು ಹೆಂಡತಿ, ಅಲಸಂದೆ ಮುರಿಯುತ್ತ.
ನನ್ನದೇ.
ಆದರೆ ಕಿಸೆಯಿಂದ ಡಬ್ಬಿಗೆ ಹೋದದ್ದಕ್ಕೆ ಪುರಾವೆಯಿಲ್ಲ,
ಡಬ್ಬಿಯಿಂದ ಕಿಸೆಗೆ ಬಂದರೆ
ಅದಕ್ಕೊಂದು ಹೆಸರಿದೆ.

ಪೆನ್ಸಿಲ್ಲಿನಲ್ಲಿ ಮೂರನೇ ಕಾಲಮ್ಮು ಎಳೆದೆ,
ಸ್ಕೇಲಿಲ್ಲದೆ, ಕೊಂಚ ಸೊಟ್ಟಗೆ.
ತಲೆಬರಹ ಹೊಳೆಯಲಿಲ್ಲ.

ಈ ತಿಂಗಳ ಆಟಕ್ಕೆ ಮೊದಲು ಎದ್ದು ನಿಂತು ಹೇಳಿದೆ:
"ಡಬ್ಬಿಯಲ್ಲಿ ಎಂಬತ್ತು ಹೆಚ್ಚಿದೆ."
ಕಾಳಿಯಲ್ಲಿ ಹೋಗುತ್ತಿದ್ದ ದೋಣಿಯ ಯಂತ್ರ
ಪಾರ್ಕಿಂಗಿನ ತನಕ ಕೇಳಿಸಿತು.
ತಾಂಡೇಲ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ.
ಎರಡನೇ ಮಹಡಿಯ ಉಲ್ಕಾ ಬಾಂದೇಕರ್
ಮಗುವಿನ ಮೂಗು ಒರೆಸಿದಳು,
ಒರೆಸುವಂಥದ್ದೇನೂ ಇರಲಿಲ್ಲ.
ಆಟದಲ್ಲೇ ಇಲ್ಲದ ವಾಚ್‌ಮನ್ ಯಂಕಪ್ಪ
ಗೇಟಿನತ್ತ ತಿರುಗಿ ನಿಂತ.
ಮೂವರು. ಎಂಬತ್ತು ಒಂದೇ.

"ಅಸಲಿಗೆ ಹೋದ ತಿಂಗಳು ನಾನು..." ಎಂದು ಬಾಯಿ ತೆರೆದೆ.
"ಕೂತ್ಕೊಳ್ಳಿ ಖಜಾಂಚ್ರೇ,"
ಎಸ್ಪರಾನ್ಸ ಬಾಯಿ ಚೀಲ ಕುಲುಕಿದಳು, ನನ್ನತ್ತ ನೋಡದೆ.
ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು
"ಹದಿನೇಳು" ಎಂದಳು. ಅಷ್ಟೇ.
ತಾಂಡೇಲ ಹೆದ್ದಾರಿಯ ಮಾತೆತ್ತಲಿಲ್ಲ.
ಎಲ್ಲರೂ ತಲೆ ತಗ್ಗಿಸಿ
ತಂತಮ್ಮ ಚೀಟಿಯಲ್ಲಿ ಹುಡುಕತೊಡಗಿದರು.