ಪಿಯೆದಾದ್ ಬಾಯಿಯ ಒಗಿಯೋ ಕಲ್ಲು

ಗುಡಿ ಕಟ್ಟಾಕ ಕರದಿದ್ರು.
ಜುವಾರಿ ಹೊಳಿ ದಂಡಿಗೆ ಚಿಂಚವಾಡೊ ಅಂತ ಸಣ್ಣ ಊರು.
ದಿನಕ್ಕ ಎಂಟನೂರು, ಮಧ್ಯಾಹ್ನ ಅನ್ನ ಸಾರು,
ಕೆಲಸ ಮುಗಿಯೂತನಕ ಮೀನ ಮುಟ್ಟಬಾರದು, ಶೆರೆ ಮುಟ್ಟಬಾರದು.
ಹೂಂ ಅಂದೆ.
ಹುನಗುಂದದ ಕಡಿ ಕಲ್ಲವಡ್ಡರಾವ ನಾನು, ತಿಪ್ಪಣ್ಣ.
ಕಲ್ಲು ಕೇಳಿದ್ದಕ್ಕ ಇಲ್ಲ ಅಂದಾವಲ್ಲ.

ಸಮಿತಿಯ ಶ್ಯಾಂಬಾಬ ಸಾಂಗೋಡಕರಗ ಎಂಬತ್ತರ ಹತ್ರ.
ನಾಕನೂರಾ ಐವತ್ತು ವರ್ಷದ ಹಿಂದ, ಅಂತಾನ,
ಹಾರಿ ಹಾಕಿ ಕೆಡವಿದ್ರು.
ಅವತ್ತ ರಾತ್ರಿ ಇಬ್ರು
ತಳೇಶ್ವರನ್ನ ಬುಟ್ಟ್ಯಾಗ ಇಟ್ಟು, ಮ್ಯಾಲೆ ಬಾಳಿ ಎಲಿ ಮುಚ್ಚಿ
ದೋಣ್ಯಾಗ ಆಚೀ ದಂಡಿಗೆ ದಾಟಿಸಿದ್ರು.
ದೀಪ ಹಚ್ಚಲಿಲ್ಲ, ಹುಟ್ಟು ಸಪ್ಪಳ ಮಾಡಲಿಲ್ಲ.
ಹೇಳತ ಹೇಳತ ಅವನ ದನಿ ಒಡೀತು,
ನಿನ್ನೆ ಸತ್ತ ಅಪ್ಪನ ಸುದ್ದಿ ಹೇಳಿದಂಗ.

ನಮ್ಮ ಹುಡುಗರು ಮುಸಿಮುಸಿ ನಕ್ಕರು.
ನಂಗ ನಗಿ ಬರಲಿಲ್ಲ.
ಬೈನಾದಾಗ ನಮ್ಮ ಗುಡಿಸಲಕ್ಕ ಜೆಸಿಬಿ ಬಂದಾಗ
ನಾನೂ ಎಲ್ಲಮ್ಮನ ಬುಟ್ಟಿ ಹೊತಗೊಂಡು ಓಡಿದಾವ.
ದಾಟಾಕ ಹೊಳಿ ಇರಲಿಲ್ಲ.
ರೈಲಿನ ಹಳಿ ಇತ್ತು.

ಅಡಿಪಾಯ ಸಿಕ್ತು. ಕಲ್ಲು ಸಿಗಲಿಲ್ಲ.
ಯಾವುದೋ ಬಾವಿ ಮೆಟ್ಲಾಗಿ, ದನದ ಗೋದಲಿಯಾಗಿ,
ಇಗರ್ಜಿ ಹಿಂದಿನ ಗೋಡಿಯಾಗಿ
ಊರ ತುಂಬ ಹಂಚಿಹೋಗಿದ್ದವು.
ಆಮ್ಯಾಲೆ ಯಾರೋ ಅಂದ್ರು,
ಪಿಯೆದಾದ್ ರೆಬೆಲೊ ಬಟ್ಟಿ ಒಗಿಯೋ ಕಲ್ಲು ಕರಿದೈತಿ,
ಈ ಕೆಂಪು ಚಿರೇಕಲ್ಲಿನ ಸೀಮ್ಯಾಗ ಅದೆಲ್ಲಿಂದ ಬಂತು?

ಎಂಟು ಹುಡುಗರು, ಒಂದು ಧ್ವಜ, ನಾಕು ಮೊಬೈಲು.
ಹಿಂದ ನಾನು, ಹಾರಿ ಹಿಡಕೊಂಡು.
ಮುದುಕಿ ತಲಿ ಎತ್ತಲಿಲ್ಲ.
ನಿಲ್ರಿ, ಅಂದ್ಲು, ಚಾದರ ಮುಗೀಲಿ.
ನಿಂತ್ವಿ. ಧ್ವಜಾನೂ ನಿಂತಿತು.
ಹಿಂಡಿ, ಝಾಡಿಸಿ, ಹಗ್ಗಕ್ಕ ಹಾಕಿ ಬಂದು ಹೇಳಿದ್ಲು:
ನಮ್ಮ ಗದ್ದಿಯ ಮೊದಲ ತೆನಿ ಇವತ್ತಿಗೂ ಹೋಗೂದು ಆಚೀ ದಂಡಿಗೆ,
ಅವನ ಬಾಗಲಿಗೆ.
ಮಾವ ಪಾದ್ರಿಗೆ ಹೇಳಲಿಲ್ಲ, ಪಾದ್ರಿ ಮಾವನ್ನ ಕೇಳಲಿಲ್ಲ.
ಕಲ್ಲು ಒಯ್ಯಿರಿ. ಅರಿವಿ ಎಲ್ಲಿ ಒಗೀಲಿ?

ಯಾರೂ ಮಾತಾಡಲಿಲ್ಲ.
ಇನ್ನೊಂದು ಕಡದು ಕೊಡತೀನಿ ಬಾಯಿ, ಅಂದೆ ನಾನು.

ಮೀಟಿ ತಿರುವಿದ್ವಿ.
ಕೆಳಗ ಕಮಲ.
ಒಂದೆಸಳೂ ಮುಕ್ಕಾಗಿಲ್ಲ,
ಮಣ್ಣಿಗೆ ಮುಖ ಕೊಟ್ಟು ಮಲಗಿದ್ದಕ್ಕ ಉಳಕೊಂಡಿತ್ತು.
ಅಂಚಿಗೆ ಒಂದು ಸಾಲು ಅಕ್ಷರ.
ಸಂಸ್ಕೃತ, ಅಂದ್ರು ಭಟ್ರು. ಮರಾಠಿ, ಅಂದ ಇಂಜಿನಿಯರು.
ಮೂರನೇತ್ತೆ ಓದಿದ ನಾನು ನಡುವಿನದೊಂದರ ಮ್ಯಾಲೆ ಬೆರಳಿಟ್ಟು
ಇದು ರ, ಅಂದೆ. ನಮ್ಮ ಸಾಲಿ ರ.
ಘಾಟಿ ಓದತಾನ ನೋಡ್ರೋ, ಅಂತ ನಕ್ಕರು.
ಶ್ಯಾಂಬಾಬ ಮಾತ್ರ ನಗಲಿಲ್ಲ,
ಕಮಲಕ್ಕ ಹಣಿ ಹಚ್ಚಿ ಕುಂತಿದ್ದ.

ಆಚೀ ದಂಡ್ಯಾಗ ದೇವರಿಗೆ ಕೌಲು ಕೇಳಿದ್ರಂತ:
ತಿರುಗಿ ಬರತೀಯೇನು?
ಹೂ ಎಡಕ್ಕ ಬೀಳಲಿಲ್ಲ. ಬಲಕ್ಕೂ ಬೀಳಲಿಲ್ಲ.
ಅಂಟಿಕೊಂಡು ಕುಂತಿತು ಬೆಳತನಕ.

ಮ್ಯಾಲಿನ ಮೈ ಸವದೈತಿ, ಅಂದ ಇಂಜಿನಿಯರು,
ಉಳಿ ಹೊಡದು ಹಳೇದರಂಗ ಕಾಣೂವಂಗ ಮಾಡು.
ಸವದದ್ದು ಹಳೇದಲ್ಲೇನ್ರಿ?
ಕೇಳಬೇಕಂದೆ, ಕೇಳಲಿಲ್ಲ. ಕೂಲಿ ಬರೂದಿತ್ತು.
ಕಮಲ ಹೊರಗ ಮಾಡಿ
ಸವದ ಮೈ ಗೋಡಿ ಒಳಗ ಹಾಕಿ ಕೂಡಿಸಿದೆ.
ಎಷ್ಟೋ ತಲಿ ಹೆಣಮಕ್ಕಳ ಅಂಗೈ ಅಲ್ಲಿ ಒಳಗೈತಿ, ಕತ್ತಲದಾಗ,
ಇನ್ನಾ ಸಬಕಾರದ ವಾಸನಿ.
ಪ್ರತಿಷ್ಠಾ ಆದಮ್ಯಾಲೆ ಅಲ್ಲಿಗೆ ನನ್ನ ಕೈ ಹೋಗಂಗಿಲ್ಲ,
ಅವರ ಕೈ ಇರತದ.

ಹೊಳಿ ಆಚೆಯಿಂದ ಕರಿಕಲ್ಲು ತರಿಸಿ
ಪಿಯೆದಾದ್ ಬಾಯಿಗೆ ಹಾಸಿ ಕೊಟ್ಟೆ.
ಒರಟೈತಿ, ಅಂದ್ಲು, ಅರಿವಿ ಹರೀತಾವ.
ಸವೀಬೇಕು ಬಾಯಿ, ಅಂದೆ.
ಸೆರಗಿಗೆ ಕೈ ಒರಸಿಕೊಂಡು ಕೇಳಿದ್ಲು,
ಎಷ್ಟ ದಿನ?