ಇನ್ನೂರ ಹನ್ನೆರಡು ಮೀಟರ್

ಲೀಟ್ರಿಮ್ ಕೌಂಟಿ ಕಚೇರಿ, ಎರಡನೆಯ ಮಹಡಿ.
ನನ್ನ ಮೇಜಿನ ಮೇಲೊಂದು ಹಸಿರು ಗೆರೆ:
ಮೂವತ್ತೆಂಟು ಕಿಲೋಮೀಟರ್, ಸತ್ತ ರೈಲಿನ ಬೆನ್ನೆಲುಬು.
ಹಳಿ ಕಿತ್ತು ಅರವತ್ತು ವರ್ಷ.
ಜಲ್ಲಿಯ ಮೇಲೆ ಮುಳ್ಳು, ಮುಳ್ಳಿನ ಮೇಲೆ ಕಪ್ಪು ಹಣ್ಣು,
ಹಣ್ಣಿಗೆ ಬರುವ ಮಕ್ಕಳ ಕಾಲಿಗೆ ಗೊತ್ತಿತ್ತು ದಾರಿ
ನಮಗೆ ಗೊತ್ತಾಗುವ ಮೊದಲೇ.

ಅಗಲ ಮೂರು ಮೀಟರ್, ಸೈಕಲ್ಲೂ ಕಾಲೂ ಅದರಲ್ಲೇ;
ಏರು ನೂರಕ್ಕೆ ಎರಡು ಮೀರಬಾರದು;
ಮೂರು ಕೌಂಟಿ, ಏಳು ಸೇತುವೆ,
ಐದನೆಯದರ ಅಡಿಯಲ್ಲಿ ಬಾವಲಿಗಳ ಸಂಸಾರ,
ಅದಕ್ಕೊಬ್ಬ ತಜ್ಞ, ತಜ್ಞನ ವರದಿಗೆ ಇನ್ನೊಬ್ಬ.
ಎಲ್ಲ ಆಯಿತು. ಉಳಿದದ್ದು
ಡ್ರಮ್‌ಕೆರಿಯ ಬಳಿ ಇನ್ನೂರ ಹನ್ನೆರಡು ಮೀಟರ್.
ಫೆಲಿಮ್ ಮಕ್‌ಗವರನ್‌ನ ಹೊಲ. ಹೊಲವೂ ಅಲ್ಲ,
ಹಸುಗಳು ಕೊಟ್ಟಿಗೆಗೆ ದಾಟುವ ಜಾಗ.

ಪಾರಿಷ್ ಹಾಲಿನಲ್ಲಿ ಸಭೆ. ಕೊಡೆಗಳಿಂದಿಳಿದ ನೀರೇ ಒಂದು ಬಕೆಟ್ಟು.
ನಕ್ಷೆಯ ನಾಲ್ಕು ಮೂಲೆಗೆ ನಾಲ್ಕು ಟೀ ಕಪ್ಪು.
ಅಟ್ರಾಕ್ಟಾ ಗಿಲ್ರೇನ್ ಕುರ್ಚಿ ಹಿಡಿದು ಎದ್ದಳು:
"ಮಂಡಿ ಹೋಗಿದೆ. ಲಾರಿ ಬಂದಾಗೆಲ್ಲ
ಬೇಲಿಗೆ ಬೆನ್ನೊತ್ತಿ ನಿಲ್ಲುತ್ತೇನೆ,
ಅಂಗಡಿಗೆ ಹೋಗುವಾಗ, ಬರುವಾಗ.
ನನಗೆ ನಿಮ್ಮ ಪ್ರವಾಸಿಗರು ಬೇಡ. ದಾರಿ ಸಾಕು."
ಫೆಲಿಮ್ ಏಳಲಿಲ್ಲ. ಟೋಪಿ ತೊಡೆಯ ಮೇಲೆ.
"ನಮ್ಮಪ್ಪ ದುಡ್ಡು ಕೊಟ್ಟು ತಗೊಂಡದ್ದು," ಅಂದ,
"ರೈಲಿನವರ ಹತ್ತಿರ. ರಸೀದಿ ಇದೆ. ಸಹಿ ಹಾಕೋದಿಲ್ಲ."
ರಸೀದಿ ಇತ್ತು. ನೋಡಿದೆ. ಮೇಲೆ ಸ್ಟಾಂಪು ಕೂಡ.

ಬಲವಂತಕ್ಕೂ ಕಾನೂನಿದೆ. ಆ ಫೈಲು
ನನ್ನ ಡ್ರಾಯರಿನಲ್ಲಿ ಇಡೀ ಚಳಿಗಾಲ ಮಲಗಿತ್ತು.
ಮೇಲಿನವರು ಕೇಳಿದಾಗೆಲ್ಲ "ಬಾವಲಿ" ಅಂದೆ.

ಎರಡೂ ಕಡೆ ದಾರಿ ಹಾಕಿದೆವು. ನಡುವೆ ಹಲ್ಲು ಬಿದ್ದ ಜಾಗ.
ಎರಡೂ ತುದಿಗೆ ಫಲಕ, "ಮಾರ್ಗ ಇಲ್ಲಿಗೆ ಮುಗಿಯಿತು";
ಫಲಕದ ಪಕ್ಕ ಎಣಿಸುವ ಕಂಬ,
ಹಾದವರನ್ನೆಲ್ಲ ಅಂಕಿ ಮಾಡುವ ಸಣ್ಣ ಕಣ್ಣು.

ಮಾರ್ಚ್ ತಿಂಗಳ ಲೆಕ್ಕ ಬಂತು.
ಪೂರ್ವದಲ್ಲಿ ನಲವತ್ತೊಂದು, ಪಶ್ಚಿಮದಲ್ಲಿ ನಲವತ್ತಮೂರು.
ಮರುದಿನ ಇಪ್ಪತ್ತು, ಇಪ್ಪತ್ತೆರಡು.
ಭಾನುವಾರ ನೂರ ಆರು, ನೂರ ಎಂಟು.
ಫಲಕ ಓದಿ ಹಿಂತಿರುಗುವವರ ಲೆಕ್ಕ
ಹೀಗೆ ಜೋಡಿಯಾಗಿ ಬರುವುದಿಲ್ಲ.
ದಾಟುತ್ತಿದ್ದಾರೆ. ಎಲ್ಲರೂ ದಾಟುತ್ತಿದ್ದಾರೆ.
ಹಾಗಾದರೆ ಆ ಎರಡು?
ಬ್ಯಾಟರಿ ಬದಲಿಸಿದೆ. ಗಾಜು ಒರೆಸಿದೆ.
ಎರಡು.

ಏಪ್ರಿಲ್ ಸಂಜೆ, ಕಾರು ದೂರದಲ್ಲೇ ಬಿಟ್ಟು ಹೋದೆ.
ಗೇಟಿಗೆ ಬೀಗವಿಲ್ಲ, ನೀಲಿ ಹಗ್ಗ.
ಹಗ್ಗಕ್ಕೊಂದು ರಟ್ಟಿನ ಚೂರು, ಪೆನ್ಸಿಲ್ಲಿನ ಬರಹ:
ಬೆಳಗ್ಗೆ ಏಳು, ಸಂಜೆ ಐದು, ಹಸುಗಳ ಹೊತ್ತು.
ಮಿಕ್ಕಿದ್ದು ನಿಮ್ಮದು.
ಸೆಗಣಿಯ ಮೇಲೆ ಟೈರಿನ ಗೀರು, ಬೂಟಿನ ಅಚ್ಚು,
ಪಕ್ಕದಲ್ಲೇ ಹೆಜ್ಜೆಗೊಂದರಂತೆ
ಊರುಗೋಲಿನ ಚುಕ್ಕಿ.

ಹಾಲು ಕರೆದಾದ ಮೇಲೆ ಫೆಲಿಮ್ ಹೊರಬಂದ.
ಕೈ ಬೆನ್ನ ಹಿಂದೆ, ಪಶ್ಚಿಮಕ್ಕೆ, ಮುಂದೆ ನಾಯಿ.
ಕಂಬ ದಾಟಿದ: ಒಂದು.
ನಾಯಿಯನ್ನು ಯಂತ್ರ ಎಣಿಸುವುದಿಲ್ಲ.
ಹಳೆಯ ಪ್ಲಾಟ್‌ಫಾರ್ಮಿನ ಕಲ್ಲಿನವರೆಗೆ ನಡೆದು,
ಗಡಿಯಾರ ಕಿತ್ತ ಗೋಡೆಯತ್ತ ಕತ್ತೆತ್ತಿ,
ತಡವಾಯಿತು ಎಂಬಂತೆ ತಿರುಗಿದ: ಎರಡು.

ನನ್ನನ್ನು ಕಂಡು ನಿಂತ. "ಸಹಿ ಹಾಕೋದಿಲ್ಲ," ಅಂದ.
"ಕೇಳೋದಕ್ಕೆ ಬಂದಿಲ್ಲ," ಅಂದೆ.
"ಮಳೆ ಬರೋ ಹಾಗಿದೆ," ಅಂದ.
ಬರುತ್ತಲೇ ಇತ್ತು.

ಕಚೇರಿಗೆ ಹೊಸ ಹುಡುಗ ಬಂದಿದ್ದಾನೆ, ಕೊರ್ಮಕ್.
ಮುದ್ರಣಕ್ಕೆ ಹೋಗಬೇಕಾದ ನಕ್ಷೆಯ ಮೇಲೆ ಬಗ್ಗಿ
ಹಸಿರು ಪೆನ್ನು ಎತ್ತಿಕೊಂಡ.
"ಇಲ್ಲಿ ಗೆರೆ ಬಿಟ್ಟುಹೋಗಿದೆ," ಅಂದ.
ಪೆನ್ನು ಕೈಯಿಂದ ತೆಗೆದಿಟ್ಟೆ.
ಬಿಟ್ಟುಹೋಗಿಲ್ಲ ಮಾರಾಯ.
ಬಿಟ್ಟಿದ್ದಾನೆ.